ಎಣ್ಣೆ ಜೇಡುಶಿಲೆ: ಬದಲಿ ಇಂಧನವಾಗಿ ಅದರ ಮೌಲ್ಯಮಾಪನ

ಎಣ್ಣೆ ಜೇಡುಶಿಲೆ ಎಂದರೆ ಕಾಸಿದಾಗ ಎಣ್ಣೆ ಬಿಡುವ, ನುಣ್ಣನೆಯ ಕಣಗಳ ಪದರಶಿಲೆ. ಆಯಿಲ್ ಶೇಲ್ ಎಂದೇ ಲೋಕವೆಲ್ಲ ಅದನ್ನು ಕರೆಯುತ್ತದೆ. ಆದರೆ ಅದರೊಳಗೆ ಎಣ್ಣೆ ಇರುವುದಿಲ್ಲ. ಎಷ್ಟೋ ಕಡೆ ಅದು ಜೇಡುಶಿಲೆಯೂ ಆಗಿರದೆ, ಜೇಡಿಯೂ ಸುಣ್ಣವೂ ಬೆರೆತ ಮಾರ್ಲ್ ಶಿಲೆಯಾಗಿರುತ್ತದೆ. ಅದರಲ್ಲಿರುವುದು ಕೆರೊಜೆನ್ ಎಂಬ ಗಟ್ಟಿ ಸಾವಯವ ವಸ್ತು. ಸಾಮಾನ್ಯ ದ್ರಾವಕಗಳಲ್ಲಿ ಅದು ಕರಗುವುದಿಲ್ಲ, ಹಿಂಡಿದರೆ ಇಳಿಯುವುದಿಲ್ಲ. ಹಳೆಯ ಕಾಲದ ಸರೋವರ, ಸಮುದ್ರಗಳ ಪಾಚಿ ಸತ್ತು ತಳದ ಕೆಸರಿನಲ್ಲಿ ಹೂತು, ಆಮ್ಲಜನಕ ತಾಕದೆ ಕೊಳೆಯದೆ ಉಳಿದು ಕೆರೊಜೆನ್ ಆಗುತ್ತದೆ. ಭೂಮಿ ಆ ಕೆಸರನ್ನು ಇನ್ನೂ ಆಳಕ್ಕೆ ಎಳೆದುಕೊಂಡು, ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯಿಸಿದರೆ ಅದೇ ಕಚ್ಚಾತೈಲ. ಎಣ್ಣೆ ಜೇಡುಶಿಲೆ ಹಾಗೆ ಬೇಯದೆ ಉಳಿದ ಸಾಮಗ್ರಿ. ಭೂಮಿ ಬಿಟ್ಟ ಅಡುಗೆಯನ್ನು ಮನುಷ್ಯ ಮಾಡಿ ಮುಗಿಸಬೇಕು. ಲಕ್ಷ ವರ್ಷ ಕಾಯಲು ಅವನಿಗಾಗದು, ಆದ್ದರಿಂದ ಸುಮಾರು 500 ಡಿಗ್ರಿಗೆ ಕಾಸುತ್ತಾನೆ. ಈ ಶಿಲೆಯ ಲಾಭನಷ್ಟದ ಲೆಕ್ಕವೆಲ್ಲ ಹುಟ್ಟುವುದು ಇಲ್ಲಿಂದಲೇ.

ಪತ್ರಿಕೆಗಳಲ್ಲಿ ಕಾಣುವ ಶೇಲ್ ತೈಲ, ಶೇಲ್ ಅನಿಲಗಳು ಬೇರೆ ವಿಷಯ. ಅಲ್ಲಿ ಕಲ್ಲಿನ ಸಂದುಗಳಲ್ಲಿ ನಿಜವಾದ ತೈಲವೇ ಸಿಕ್ಕಿಕೊಂಡಿರುತ್ತದೆ. ನೀರು ಮತ್ತು ಮರಳನ್ನು ಒತ್ತಡದಲ್ಲಿ ನುಗ್ಗಿಸಿ, ಬಂಡೆ ಬಿರಿಸಿ ಅದನ್ನು ಹೊರಗೆ ತೆಗೆಯುತ್ತಾರೆ. ಅಮೆರಿಕದ ತೈಲೋತ್ಪಾದನೆ 2010ರ ನಂತರ ಏರಿದ್ದು ಆ ಶೇಲ್‌ನಿಂದ. ಹೆಸರಿನ ಹೋಲಿಕೆಯಿಂದ ಆ ಯಶಸ್ಸನ್ನು ಎಣ್ಣೆ ಜೇಡುಶಿಲೆಯ ಖಾತೆಗೆ ಬರೆದುಬಿಡುವ ತಪ್ಪು ವಿದ್ಯಾವಂತರಲ್ಲೂ ಇದೆ.

ಹುಣಸಮಾರನಹಳ್ಳಿಯ ನೆಲ

ಒಂದು ಊರಿನ ನೆಲದಲ್ಲಿ ಇಂಧನದ ಕಲ್ಲು ಇದೆಯೇ ಎಂದು ಕೇಳುವವರು ಮೊದಲು ಆ ಕಲ್ಲಿನ ಹುಟ್ಟನ್ನು ತಿಳಿಯಬೇಕು. ಬೆಂಗಳೂರಿನ ಉತ್ತರಕ್ಕೆ ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ಮೇಲಿದೆ ಹುಣಸಮಾರನಹಳ್ಳಿ. ಅಲ್ಲಿ ಕೊಳವೆಬಾವಿ ಕೊರೆಯುವಾಗ ಮೊದಲು ಕೆಂಪು ಮಣ್ಣು, ಆಮೇಲೆ ಶಿಥಿಲವಾದ ಕಲ್ಲು, ಅದರ ಕೆಳಗೆ ಬೂದು ಬಣ್ಣದ ಕಲ್ಲುಪುಡಿ ಮೇಲೆ ಬರುತ್ತದೆ. ಸಾವಿರ ಅಡಿ ಇಳಿದರೂ ಅದೇ ಪುಡಿ. ಇದು ಪರ್ಯಾಯದ್ವೀಪದ ನೈಸ್ ಶಿಲೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗ್‌ನ ಗುಡ್ಡದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿ ಕಾಯ್ದಿರುವ ಬಂಡೆ ಇದೇ ಬಳಗದ್ದು. ಭೂಮಿಯ ಆಳದಲ್ಲಿ ಕರಗಿ, ಮಡಚಿಕೊಂಡು, ಹರಳುಗಟ್ಟಿದ ಕಲ್ಲು ಅದು. ಪಾಚಿಯ ಕೆಸರು ಪದರಪದರವಾಗಿ ಕೂತ ಸರೋವರದ ತಳ ಇಲ್ಲಿಲ್ಲ, ಆದ್ದರಿಂದ ಕೆರೊಜೆನ್ ಕೂಡ ಇಲ್ಲ.

ಪಕ್ಕದ ಬೆಟ್ಟಹಲಸೂರು ಕಲ್ಲಿನ ಕ್ವಾರಿಗಳಿಗೆ ಹೆಸರಾದ ಊರು. ಬೆಂಗಳೂರು ಸುತ್ತಿನ ಕಲ್ಲುಕುಟಿಗರು ಬಂಡೆಯನ್ನು ಬೆಂಕಿಯಿಂದ ಏಳಿಸುತ್ತಿದ್ದ ಬಗೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯೂರೋಪಿನ ವಿಜ್ಞಾನ ಪತ್ರಿಕೆಯಲ್ಲೂ ವರ್ಣಿತವಾಯಿತು. ಬಯಲು ಬಂಡೆಯ ಮೇಲೆ ಒಣ ಸೌದೆಯನ್ನು ಸಾಲಾಗಿಟ್ಟು ಹೊತ್ತಿಸುತ್ತಿದ್ದರು. ಮುಂದಿನ ಕಲ್ಲಿನ ಮೇಲೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಗಟ್ಟಿ ಸದ್ದು ಟೊಳ್ಳಾದರೆ, ಕಾದ ಮೇಲ್ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಟ್ಟುಕೊಂಡಿದೆ ಎಂದು ಅರ್ಥ. ಆಗ ಉರಿಯುವ ಸೌದೆಯನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳಿ ಮತ್ತೆ ಕಾಯುವುದು. ಹೀಗೆ ಕೆಲವೇ ಅಂಗುಲ ದಪ್ಪದ, ನೂರಾರು ಚದರಡಿಯ ಒಂದೇ ಹಾಳೆ ಏಳುತ್ತಿತ್ತು. ಬೆಂಕಿ ಕೊಟ್ಟರೆ ಈ ನೆಲದ ಕಲ್ಲು ಕೊಡುವುದು ಚಪ್ಪಡಿ. ಎಣ್ಣೆಗೆ ಬೇರೆ ಕಲ್ಲೇ ಬೇಕು.

ಆ ಬೇರೆ ಕಲ್ಲಿನ ಉತ್ತಮ ಮಾದರಿ ಎಸ್ಟೋನಿಯದ ಕುಕರ್ಸೈಟ್. ಕಂದು ಬಣ್ಣ, ಕೈಗೆ ಹಗುರ. ತೆಳು ಚೂರೊಂದಕ್ಕೆ ಕಡ್ಡಿ ಗೀರಿ ಹಿಡಿದರೆ ಕಪ್ಪು ಹೊಗೆ ಬಿಡುತ್ತಾ ಹೊತ್ತಿಕೊಳ್ಳುತ್ತದೆ. ಅಮೆರಿಕದ ಕೊಲರಾಡೋದಲ್ಲಿ ಒಂದು ಐತಿಹ್ಯವಿದೆ: ವಲಸೆ ಬಂದವನೊಬ್ಬ ಹತ್ತಿರದ ಗುಡ್ಡದ ಕಲ್ಲಿನಿಂದ ಹೊಗೆಗೂಡು ಕಟ್ಟಿ, ಗೃಹಪ್ರವೇಶದ ದಿನ ಒಲೆ ಹಚ್ಚಿದಾಗ ಹೊಗೆಗೂಡಿಗೇ ಬೆಂಕಿ ಬಿದ್ದು ಮನೆ ಸುಟ್ಟುಹೋಯಿತಂತೆ.

ಅಳೆಯುವ ಬಗೆ

ಎಣ್ಣೆ ಜೇಡುಶಿಲೆಯ ನಿಕ್ಷೇಪವನ್ನು ಅಳೆಯಲು ಬಹುಕಾಲದಿಂದ ಬಳಕೆಯಲ್ಲಿರುವುದು ಫಿಶರ್ ಪರೀಕ್ಷೆ. ಕಲ್ಲನ್ನು 2.38 ಮಿಲಿಮೀಟರಿಗಿಂತ ಸಣ್ಣಗೆ ಪುಡಿಮಾಡಿ, 100 ಗ್ರಾಂ ತೂಗಿ, ಅಲ್ಯೂಮಿನಿಯಂನ ಪುಟ್ಟ ಭಟ್ಟಿಯಲ್ಲಿ ಹಾಕಿ ಮುಚ್ಚುತ್ತಾರೆ. ನಿಮಿಷಕ್ಕೆ 12 ಡಿಗ್ರಿಯಂತೆ ಶಾಖ ಏರಿಸಿ 500 ಡಿಗ್ರಿಗೆ ತಂದು 40 ನಿಮಿಷ ಅಲ್ಲೇ ನಿಲ್ಲಿಸುತ್ತಾರೆ. ಹೊರಬರುವ ಆವಿಯನ್ನು ಮಂಜಿನ ತಣ್ಪಿನಲ್ಲಿ ಇಳಿಸಿದರೆ ಎಣ್ಣೆಯೂ ನೀರೂ ಬೇರೆಬೇರೆಯಾಗಿ ನಿಲ್ಲುತ್ತವೆ. ಒಳ್ಳೆಯ ದರ್ಜೆಯೆಂದು ಅಮೆರಿಕದವರು ಎಣಿಸುವ, ಟನ್ನಿಗೆ ಸುಮಾರು 104 ಲೀಟರ್ ಕೊಡುವ ಕಲ್ಲಾದರೆ, ಆ 100 ಗ್ರಾಂ ಪುಡಿಯಿಂದ ಬರುವುದು ಸುಮಾರು 10 ಮಿಲಿಲೀಟರ್ ಎಣ್ಣೆ, ಎರಡು ಟೀ ಚಮಚದಷ್ಟು. ಉಳಿದದ್ದು ಕಪ್ಪಗಾದ ಪುಡಿ. ಪರೀಕ್ಷೆಯ ವರದಿಯಲ್ಲಿ ಎಲ್ಲರ ಕಣ್ಣೂ ಮೊದಲು ಆ ಎರಡು ಚಮಚಕ್ಕೆ ಹೋಗುತ್ತದೆ. ಪುಡಿಯತ್ತ ನೋಡುವುದನ್ನು ಕಲಿಯಲು ಲೋಕಕ್ಕೆ ಒಂದು ಶತಮಾನ ಬೇಕಾಯಿತು.

ಫಿಶರ್ ಪರೀಕ್ಷೆ ಎಣ್ಣೆಯನ್ನಷ್ಟೇ ಅಳೆಯುತ್ತದೆ. ಅನಿಲದ ಶಾಖವನ್ನೂ ಉಳಿದ ಇಂಗಾಲದ ಶಾಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂದು ರಾಕ್-ಇವಾಲ್ ಎಂಬ ಯಂತ್ರದಲ್ಲಿ ಚಿಟಿಕೆ ಪುಡಿ ಕಾಸಿ, ಸಾವಯವ ಇಂಗಾಲ ಎಷ್ಟಿದೆ, ಅದರಲ್ಲಿ ಜಲಜನಕದ ಪಾಲು ಎಷ್ಟು, ಕೆರೊಜೆನ್ ಎಷ್ಟು ಬೆಂದಿದೆ ಎಂದೂ ತಿಳಿಯುತ್ತಾರೆ. ಪಾಚಿಯಿಂದಾದ ಕೆರೊಜೆನ್‌ನಲ್ಲಿ ಜಲಜನಕ ಹೆಚ್ಚು, ಎಣ್ಣೆಯೂ ಹೆಚ್ಚು. ಮರಗಿಡಗಳ ಕೊಳೆತದಿಂದಾದದ್ದು ಕಲ್ಲಿದ್ದಲಿನ ದಾಯಾದಿ, ಅದರಿಂದ ಬರುವ ಎಣ್ಣೆ ಕಡಿಮೆ.

ಪ್ರಯೋಗಾಲಯದಿಂದ ಹೊರಗೆ ಬಂದರೆ ಎಲ್ಲರನ್ನೂ ಮರುಳುಮಾಡುವ ಇನ್ನೊಂದು ಅಂಕಿಯಿದೆ. ಅಮೆರಿಕದ ಕೊಲರಾಡೋ, ಯೂಟಾ, ವ್ಯೋಮಿಂಗ್‌ಗಳಲ್ಲಿ ಹರಡಿರುವ ಗ್ರೀನ್ ರಿವರ್ ಪದರಗಳು ಸುಮಾರು 5 ಕೋಟಿ ವರ್ಷ ಹಿಂದಿನ ಸರೋವರಗಳ ಕೆಸರು. ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂದಾಜಿನಲ್ಲಿ ಅವುಗಳೊಳಗಿನ ಎಣ್ಣೆ ಸುಮಾರು 4.3 ಲಕ್ಷ ಕೋಟಿ ಬ್ಯಾರೆಲ್. ಆದರೆ ಟನ್ನಿಗೆ 104 ಲೀಟರ್ ದಾಟುವ ಕಲ್ಲನ್ನಷ್ಟೇ ಎಣಿಸಿದರೆ ಉಳಿಯುವುದು ಸುಮಾರು 35,000 ಕೋಟಿ ಬ್ಯಾರೆಲ್, ಹತ್ತರಲ್ಲೊಂದು ಪಾಲೂ ಇಲ್ಲ. ಅದನ್ನೂ ಲಾಭವಾಗುವಂತೆ ತೆಗೆಯಬಹುದೆಂದು ಸರ್ವೇಕ್ಷಣೆ ಹೇಳಿಲ್ಲ. ನೆಲದಲ್ಲಿರುವ ಸಂಪತ್ತು ಒಂದು, ಕೈಗೆ ದಕ್ಕುವ ನಿಧಿ ಇನ್ನೊಂದು. ಇವೆರಡರ ಅಂತರ ಎಣ್ಣೆ ಜೇಡುಶಿಲೆಯಲ್ಲಿ ಇರುವಷ್ಟು ದೊಡ್ಡದಾಗಿ ಬೇರೆ ಇಂಧನಗಳಲ್ಲಿ ಕಾಣುವುದು ಅಪರೂಪ.

ಬಳಸಿ ನೋಡಿದ ದೇಶಗಳು

ಆಧುನಿಕ ಉದ್ಯಮದ ಮೊದಲ ಹೆಸರು ಸ್ಕಾಟ್ಲೆಂಡಿನ ಜೇಮ್ಸ್ ಯಂಗ್. ಕಲ್ಲಿದ್ದಲನ್ನು ಹದವಾಗಿ ಕಾಸಿ ದೀಪದ ಎಣ್ಣೆ, ಮೇಣ ತೆಗೆಯುವ ವಿಧಾನಕ್ಕೆ ಆತ 1850ರಲ್ಲಿ ಪೇಟೆಂಟ್ ಪಡೆದ. ಮುಂದೆ ಎಡಿನ್‌ಬರೋ ಬಳಿಯ ಜೇಡುಶಿಲೆಯಿಂದ ಅದೇ ಉದ್ಯಮ ಬೆಳೆದು, 1962ರವರೆಗೆ ನಡೆಯಿತು. ಸುಟ್ಟ ಕಲ್ಲಿನ ಕೆಂಪು ಗುಡ್ಡಗಳು ಆ ಬಯಲಿನಲ್ಲಿ ಇನ್ನೂ ನಿಂತಿವೆ. ಚೀನಾದ ಫುಶುನ್‌ನಲ್ಲಿ ಕಲ್ಲಿದ್ದಲಿನ ಮೇಲೆಯೇ ಜೇಡುಶಿಲೆ ಹಾಸಿಕೊಂಡಿದೆ. ಕಲ್ಲಿದ್ದಲಿಗಾಗಿ ಹೇಗೂ ಅದನ್ನು ಅಗೆದು ತೆಗೆಯಲೇಬೇಕಾದ್ದರಿಂದ ಅಗೆತದ ಖರ್ಚು ಅದರ ತಲೆಯ ಮೇಲೆ ಬರಲಿಲ್ಲ. ಬ್ರೆಜಿಲ್ ತನ್ನ ಇರಾತಿ ಪದರಗಳಿಗಾಗಿ ಪೆಟ್ರೋಸಿಕ್ಸ್ ಎಂಬ ಭಟ್ಟಿಯನ್ನೇ ರೂಪಿಸಿತು.

ಈ ಶಿಲೆಯನ್ನೇ ನಂಬಿ ಬದುಕಿದ ದೇಶ ಎಸ್ಟೋನಿಯ. ಅಲ್ಲಿನ ಪದರ ಸುಮಾರು 46 ಕೋಟಿ ವರ್ಷ ಹಿಂದಿನ ಸಮುದ್ರದ ಪಾಚಿ. ಮೊದಲ ಮಹಾಯುದ್ಧದಲ್ಲಿ ಇಂಧನ ಸಾಲದೆ 1916ರಲ್ಲಿ ಗಣಿಗಾರಿಕೆ ಶುರುವಾಯಿತು. ಸೋವಿಯತ್ ಕಾಲದಲ್ಲಿ ನಾರ್ವಾ ಊರಿನ ಬಳಿ ಜಗತ್ತಿನ ಅತಿ ದೊಡ್ಡ ಜೇಡುಶಿಲೆ ವಿದ್ಯುತ್ ಸ್ಥಾವರಗಳೆರಡು ಎದ್ದವು, 1980ರಲ್ಲಿ ಅಗೆತ ವರ್ಷಕ್ಕೆ 3.1 ಕೋಟಿ ಟನ್ ಮುಟ್ಟಿತು. ಅಲ್ಲಿ ಬಹುಪಾಲು ಕಲ್ಲನ್ನು ಎಣ್ಣೆ ತೆಗೆಯದೆ ನೇರವಾಗಿ ಪುಡಿಮಾಡಿ ಬಾಯ್ಲರಿಗೆ ಹಾಕಿದರು. ದಶಕಗಳ ಕಾಲ ದೇಶದ ವಿದ್ಯುತ್ತಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹೀಗೇ ಬಂತು. ತೈಲವೂ ಕಲ್ಲಿದ್ದಲೂ ಇಲ್ಲದ ಪುಟ್ಟ ದೇಶಕ್ಕೆ ಅದು ಕೊಟ್ಟ ಆಸರೆಯನ್ನು ಹಗುರಾಗಿ ಕಾಣಬಾರದು. ಆದರೆ ಕುಕರ್ಸೈಟ್ ಸುಟ್ಟರೆ ತೂಕದ ಅರ್ಧದಷ್ಟು ಬೂದಿ ಉಳಿಯುತ್ತದೆ. ಬೂದಿಯನ್ನು ನೀರಿನಲ್ಲಿ ಕಲಸಿ ಹರಿಸಿದ ಕ್ಷಾರದ ಕೊಳಗಳು, ಕೊಹ್ತ್ಲಾ-ಯಾರ್ವೆಯಲ್ಲಿ ಊರಿನ ತಲೆಯ ಮೇಲೆ ಎದ್ದ ಬೂದಿಯ ಬೆಟ್ಟಗಳು ಆ ಆಸರೆಯ ಬೆಲೆ. ಯೂರೋಪಿನಲ್ಲಿ ಇಂಗಾಲ ಹೊರಸೂಸುವಿಕೆಗೆ ದರ ಏರಿದಂತೆ ಆ ವಿದ್ಯುತ್ತು ಮಾರುಕಟ್ಟೆಯಲ್ಲಿ ನಿಲ್ಲಲಾರದಾಯಿತು. 2035ರೊಳಗೆ ಜೇಡುಶಿಲೆಯ ವಿದ್ಯುತ್ತನ್ನು ನಿಲ್ಲಿಸುವ ಗುರಿಯನ್ನು ಅಲ್ಲಿನ ಸರ್ಕಾರ ಇಟ್ಟುಕೊಂಡಿತು.

ಅಮೆರಿಕದ ಪಾಠ ಇನ್ನೂ ಕಠಿಣ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಕೊಲರಾಡೋದ ಪ್ಯಾರಶೂಟ್ ಎಂಬ ಊರಿನ ಸುತ್ತ ಭಾರೀ ಯೋಜನೆ ಮೇಲೆದ್ದಿತು. ಕೆಲಸ ಹುಡುಕಿ ಜನ ಬಂದರು, ಹೊಸ ಮನೆಗಳು ಎದ್ದವು. ತೈಲ ಬೆಲೆ ಇಳಿಯತೊಡಗಿತು. 1982ರ ಮೇ 2ರ ಭಾನುವಾರ ಎಕ್ಸಾನ್ ಕಂಪನಿ ಕಾಲೊನಿ ಯೋಜನೆಯನ್ನು ನಿಲ್ಲಿಸಿತು, ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ಅಲ್ಲಿನವರು ಆ ದಿನವನ್ನು ಇಂದಿಗೂ ಕಪ್ಪು ಭಾನುವಾರ ಎನ್ನುತ್ತಾರೆ. ಮುಂದೆ ಶೆಲ್ ಕಂಪನಿ ಕಲ್ಲನ್ನು ಅಗೆಯದೆ, ನೆಲದೊಳಗೇ ವಿದ್ಯುತ್ ಕಾವಿನ ಸಲಾಕೆಗಳನ್ನು ಇಳಿಸಿ ವರ್ಷಗಟ್ಟಲೆ ಕಾಸುವ ಪ್ರಯೋಗ ನಡೆಸಿತು. ಕರಗಿದ ಎಣ್ಣೆ ಅಂತರ್ಜಲಕ್ಕೆ ಸೇರದಂತೆ ಸುತ್ತಲೂ ನೆಲವನ್ನು ಹೆಪ್ಪುಗಟ್ಟಿಸಿ ಮಂಜಿನ ಗೋಡೆ ಕಟ್ಟಿತು. ಒಳಗೆ ಬೆಂಕಿ, ಹೊರಗೆ ಮಂಜು, ಎರಡಕ್ಕೂ ವಿದ್ಯುತ್ತು! 2013ರಲ್ಲಿ ಶೆಲ್ ಅಲ್ಲಿಂದ ಹೊರಬಂತು. ಆಸ್ಟ್ರೇಲಿಯದ ಗ್ಲಾಡ್‌ಸ್ಟನ್ ಬಳಿಯ ಸ್ಟುವರ್ಟ್ ಘಟಕ 1999ರಿಂದ 2004ರವರೆಗೆ ನಡೆದು ನಿಂತಿತು. ಜೋರ್ಡಾನ್ ದೇಶ ಅತ್ತರಾತ್‌ನಲ್ಲಿ ಚೀನಾದ ಸಾಲದಿಂದ 470 ಮೆಗಾವಾಟ್‌ನ ಸ್ಥಾವರವನ್ನೇನೋ ಕಟ್ಟಿಸಿತು. ಆದರೆ ಅದು ಪೂರ್ತಿ ಚಾಲೂ ಆಗುವ ಮೊದಲೇ, ಒಪ್ಪಂದದ ವಿದ್ಯುತ್ ದರ ಹೊರಲಾರದಷ್ಟು ಹೆಚ್ಚೆಂದು ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಬೇಕಾಯಿತು.

ಬಳ್ಳಾರಿ ರಸ್ತೆಯ ಮೇಲೆ ಒಂದು ಲೆಕ್ಕ

ದೂರದ ಅಂಕಿಗಳನ್ನು ನಮ್ಮ ಊರಿನ ಅಳತೆಗೆ ಇಳಿಸಿದಾಗ ತೂಕ ತಿಳಿಯುತ್ತದೆ. ದಿನಕ್ಕೆ 1 ಲಕ್ಷ ಬ್ಯಾರೆಲ್ ಎಣ್ಣೆ ಬೇಕೆನ್ನೋಣ. ಭಾರತ ದಿನಕ್ಕೆ 50 ಲಕ್ಷ ಬ್ಯಾರೆಲ್‌ಗಿಂತ ಹೆಚ್ಚು ಬಳಸುವುದರಿಂದ ಇದು ನಮ್ಮ ಅಗತ್ಯದ ನೂರಕ್ಕೆ ಎರಡು ಪಾಲೂ ಆಗದು. ಬ್ಯಾರೆಲ್‌ಗೆ 159 ಲೀಟರ್; ಟನ್ನಿಗೆ 100 ಲೀಟರ್ ಕೊಡುವ ಒಳ್ಳೆಯ ಕಲ್ಲನ್ನೇ ಹಿಡಿದರೂ ದಿನಕ್ಕೆ 1.59 ಲಕ್ಷ ಟನ್ ಕಲ್ಲು ಅಗೆಯಬೇಕು. 16 ಟನ್ ಹೊರುವ ಟಿಪ್ಪರ್‌ಗಳಲ್ಲಿ ಸಾಗಿಸಿದರೆ ಸುಮಾರು 10,000 ಲೋಡು. ಹುಣಸಮಾರನಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತವರ ಮುಂದೆ ಹಗಲುರಾತ್ರಿ ನಿಮಿಷಕ್ಕೆ ಏಳು ಟಿಪ್ಪರ್ ಕಲ್ಲು ಹೊತ್ತು ಹೋದಂತೆ. ಬೂದಿ ಹೊತ್ತು ಹಿಂದಿರುಗುವ ಸಾಲು ಬೇರೆ. ಒಡೆದು ಸುಟ್ಟ ಕಲ್ಲು ಮಂಡಕ್ಕಿಯಂತೆ ಅರಳಿ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ತೆಗೆದ ಗುಂಡಿಯಲ್ಲಿ ಅದನ್ನೇ ಪೂರ್ತಿ ತುಂಬಿ ಮುಚ್ಚಲಾಗದು.

ನೀರಿನ ಲೆಕ್ಕ ಈ ಸೀಮೆಯವರಿಗೆ ಬೇಗ ನಾಟುತ್ತದೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2010ರಲ್ಲಿ ಕಟ್ಟಿದ ಅಂದಾಜಿನಂತೆ, ಅಗೆದು ಭಟ್ಟಿಯಲ್ಲಿ ಕಾಸುವ ವಿಧಾನದಲ್ಲಿ ಬ್ಯಾರೆಲ್ ಎಣ್ಣೆಗೆ ಸರಾಸರಿ 3 ಬ್ಯಾರೆಲ್ ನೀರು ಬೇಕು. ನೆಲದೊಳಗೇ ಕಾಸುವ ವಿಧಾನದಲ್ಲಿ 1ರಿಂದ 12ರವರೆಗೆ, ಸರಾಸರಿ 5. ನಮ್ಮ 1 ಲಕ್ಷ ಬ್ಯಾರೆಲ್‌ಗೆ ಕನಿಷ್ಠ ಸರಾಸರಿ ಹಿಡಿದರೂ ದಿನಕ್ಕೆ 4.8 ಕೋಟಿ ಲೀಟರ್. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಉತ್ತರದ 65 ಕೆರೆಗಳಿಗೆ ಏರಿಸಲು ಹೊರಟಿದ್ದು ದಿನಕ್ಕೆ 21 ಕೋಟಿ ಲೀಟರ್. ಅದರ ಕಾಲು ಪಾಲಿನಷ್ಟು ಈ ಒಂದು ಭಟ್ಟಿಗೇ ಬೇಕಾದೀತು. ಸಾವಿರ ಅಡಿ ಕೊರೆಸಿ ಬರೀ ಕಲ್ಲುಪುಡಿ ಕಂಡ ಮನೆಯವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಶಾಖ. ಕಲ್ಲನ್ನು ಕಾಸಲು ಹಾಕಿದ ಶಕ್ತಿಗೂ ಕೈಗೆ ಬಂದ ಶಕ್ತಿಗೂ ಇರುವ ಅನುಪಾತ ಎಣ್ಣೆ ಜೇಡುಶಿಲೆಯಲ್ಲಿ ಒಂದೂವರೆಯಿಂದ ಎರಡರಷ್ಟೇ ಎಂದು ಅಧ್ಯಯನಗಳು ಎಣಿಸಿವೆ. ಸಾಮಾನ್ಯ ತೈಲಬಾವಿಯ ಅನುಪಾತ ಇದರ ಎಷ್ಟೋ ಪಟ್ಟು. ಇದಕ್ಕೊಂದು ಸಮಾಧಾನವೂ ಇದೆ: ಕಾಸಲು ಬೇಕಾದ ಶಾಖದ ಬಹುಪಾಲನ್ನು ಅದೇ ಕಲ್ಲಿನ ಅನಿಲ ಮತ್ತು ಉಳಿದ ಇಂಗಾಲದಿಂದ ಪಡೆಯಬಹುದು, ಹೊರಗಿನಿಂದ ಕೊಳ್ಳಬೇಕಿಲ್ಲ. ಆದರೆ ಆ ಇಂಗಾಲವೂ ಹೊಗೆಯಾಗಿ ಗಾಳಿಗೇ ಸೇರುತ್ತದೆ. ಸುಣ್ಣ ಬೆರೆತ ಕಲ್ಲಾದರೆ ಅತಿ ಶಾಖದಲ್ಲಿ ಸುಣ್ಣವೂ ಒಡೆದು ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಟ್ಟಾರೆ, ಅಷ್ಟೇ ಶಕ್ತಿಯ ಸಾಮಾನ್ಯ ತೈಲಕ್ಕಿಂತ ಕಾಲು ಪಾಲಿನಿಂದ ಮುಕ್ಕಾಲು ಪಾಲಿನವರೆಗೆ ಹೆಚ್ಚು ಹೊರಸೂಸುವಿಕೆ ಎಂಬುದು ಬೇರೆಬೇರೆ ವಿಧಾನಗಳ ಲೆಕ್ಕ.

ಭಾರತ, ಕರ್ನಾಟಕ

ಭಾರತದಲ್ಲಿ ಎಣ್ಣೆ ಜೇಡುಶಿಲೆ ಎಂದರೆ ಮುಖ್ಯವಾಗಿ ಮೇಲಣ ಅಸ್ಸಾಂ ಮತ್ತು ಅದಕ್ಕೆ ತಾಗಿದ ಅರುಣಾಚಲ. ಅಲ್ಲಿನ ಬರೈಲ್ ಶಿಲಾವರ್ಗದಲ್ಲಿ ಕಲ್ಲಿದ್ದಲಿನ ಜೊತೆಜೊತೆಗೇ ಅದು ಇದೆ. ದೇಶದ ಮೊದಲ ವಾಣಿಜ್ಯ ತೈಲಬಾವಿಯ ದಿಗ್ಬೋಯ್ ಇರುವುದೂ ಆ ಸೀಮೆಯಲ್ಲೇ. 2018ರಲ್ಲಿ ಕೇಂದ್ರ ಸರ್ಕಾರ, ಈಗಾಗಲೇ ಗುತ್ತಿಗೆಯಲ್ಲಿರುವ ತೈಲಕ್ಷೇತ್ರಗಳಲ್ಲಿ ಅಸಾಂಪ್ರದಾಯಿಕ ಇಂಧನಗಳನ್ನೂ ಹುಡುಕಲು ಅವಕಾಶ ಕೊಟ್ಟಿತು. ಆದರೆ ಆ ಪದರಗಳು ಮಡಚಿ ವಾಲಿದ ಬೆಟ್ಟದ ಬುಡದಲ್ಲಿ, ಭಾರೀ ಮಳೆಯ ದಟ್ಟ ಕಾಡಿನ ಕೆಳಗಿವೆ. ಎಸ್ಟೋನಿಯದಂತೆ ಮಟ್ಟಸವಾಗಿ ಹಾಸಿಕೊಂಡ ಬಯಲಿನ ಕಲ್ಲು ಅದಲ್ಲ. ಅಲ್ಲಿ ಬೂದಿಯನ್ನು ಎಲ್ಲಿ ಸುರಿಯುವುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಗುಂಡಿ ತೋಡುವುದು ತಪ್ಪು ಎಂದೇ ಈ ಲೇಖಕನ ಅಭಿಪ್ರಾಯ.

ಕರ್ನಾಟಕದಲ್ಲಿ ಪದರಶಿಲೆಯ ಎರಡು ದೊಡ್ಡ ಜಲಾನಯನಗಳಿವೆ: ಬಾಗಲಕೋಟೆ ಕಡೆಯ ಕಲಾದಗಿ–ಬಾದಾಮಿ, ಕಲಬುರಗಿ–ಯಾದಗಿರಿ ಕಡೆಯ ಭೀಮಾ. ಎರಡರಲ್ಲೂ ಜೇಡುಶಿಲೆ ಇದೆ. ದೇಶದ ತೈಲ ಸಾಧ್ಯತೆಯ ವಿಂಗಡಣೆಯಲ್ಲಿ ಇವು ಕೊನೆಯ, ಮೂರನೆಯ ದರ್ಜೆಯಲ್ಲಿವೆ. ಭೀಮಾ ತೀರದ ಜೇಡುಶಿಲೆ ಬಹುಮಟ್ಟಿಗೆ ಕೆಂಪು, ಹಸಿರು ಛಾಯೆಯದು. ಕೆಂಪು ಎಂದರೆ ಕೆಸರಿಗೆ ಆಮ್ಲಜನಕ ತಾಕಿ ಸಾವಯವ ವಸ್ತು ಉಳಿಯಲಿಲ್ಲ ಎಂಬ ಗುರುತು. ಆ ಸೀಮೆಯ ಹೆಸರು ನಡೆದಿರುವುದು ಶಹಾಬಾದ್ ಚಪ್ಪಡಿ ಮತ್ತು ಸಿಮೆಂಟಿನ ಸುಣ್ಣಕಲ್ಲಿನಿಂದ. ಅಲ್ಲಿ ನಿಜವಾಗಿ ಕಂಡ ಇಂಧನ ಖನಿಜ ಯಾದಗಿರಿ ಜಿಲ್ಲೆಯ ಗೋಗಿಯ ಯುರೇನಿಯಂ.

ಹೀಗಾಗಿ ಬೆಂಗಳೂರಿನ ಉತ್ತರ ಭಾಗ ಇಂಧನವನ್ನು ಹೊರಗಿನಿಂದಲೇ ತರಿಸಿಕೊಂಡಿದೆ. ಯಲಹಂಕದಲ್ಲಿ 1993ರಲ್ಲಿ ಶುರುವಾದ ಡೀಸೆಲ್ ವಿದ್ಯುತ್ ಕೇಂದ್ರಕ್ಕೆ ಎಣ್ಣೆ ಹೊರಗಿನಿಂದ ಬರುತ್ತಿತ್ತು. ಅದು ನಿಂತ ಜಾಗದಲ್ಲೇ ಎದ್ದ, 2024ರಲ್ಲಿ ಉದ್ಘಾಟನೆಯಾದ 370 ಮೆಗಾವಾಟ್‌ನ ಅನಿಲ ಸ್ಥಾವರಕ್ಕೆ ದಾಭೋಲ್–ಬೆಂಗಳೂರು ಕೊಳವೆಯೇ ಆಧಾರ. ಪೆಟ್ರೋಲು, ಡೀಸೆಲ್ಲು ಮಂಗಳೂರಿನಿಂದ ಹಾಸನದ ಮೂಲಕ 362 ಕಿಲೋಮೀಟರ್ ಕೊಳವೆಯಲ್ಲಿ ಹೊಸಕೋಟೆ ಬಳಿಯ ದೇವನಗೊಂತಿಗೆ ಬರುತ್ತವೆ. ಹುಣಸಮಾರನಹಳ್ಳಿಯ ತಲೆಯ ಮೇಲೆ ಹಾರುವ ವಿಮಾನಗಳ ಇಂಧನವೂ ದೇವನಗೊಂತಿಯಿಂದಲೇ ಕೊಳವೆಯಲ್ಲಿ ಹೋಗುತ್ತದೆ.

ಈ ನೆಲದ್ದೇ ಆದ ಎಣ್ಣೆ ಯಾವುದೆಂದು ಕೇಳಿದರೆ ಹೊಂಗೆಯ ಹೆಸರು ಹೇಳಬೇಕು. ಹಳ್ಳಿಗಳಲ್ಲಿ ದೀಪಕ್ಕೆ ಹೊಂಗೆ ಎಣ್ಣೆ ಹಾಕುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಇದೇ ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ವಿಶ್ವವಿದ್ಯಾನಿಲಯ ಹಾಸನದ ಮಡೇನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ನಡೆಸಿದೆ. ರಾಜ್ಯಕ್ಕೆ 2009ರಲ್ಲೇ ಜೈವಿಕ ಇಂಧನ ನೀತಿ ಬಂತು. ಹೊಂಗೆ ಬೀಜದ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಎಣ್ಣೆಯಿದೆ, ಗಾಣದಲ್ಲಿ ಮೂರೂವರೆ ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಲೀಟರ್ ಸಿಗುತ್ತದೆ. ಟನ್ನಿಗೆ 104 ಲೀಟರ್ ಕೊಡುವ ಕಲ್ಲಿಗಿಂತ ಇದು ಶ್ರೀಮಂತ ಅದಿರು, ಭಟ್ಟಿಯೂ ಬೇಡ. ಉಳಿದ ಹಿಂಡಿ ಹೊಲಕ್ಕೆ ಗೊಬ್ಬರ, ಗಿಡದ ಬುಡಕ್ಕೆ ಹುಳು ಬಾರದಂತೆ ಮದ್ದು. ಕೊರತೆಯಿರುವುದು ಪ್ರಮಾಣದಲ್ಲಿ. ಮರ ಫಲಕ್ಕೆ ಬರಲು ವರ್ಷಗಳು ಬೇಕು, ಬೀಜ ಬದುಗಳಲ್ಲಿ ರಸ್ತೆಬದಿಗಳಲ್ಲಿ ಚದುರಿ ಬೀಳುತ್ತದೆ, ಆರಿಸುವವರಿಗೆ ಕೂಲಿ ಗಿಟ್ಟಬೇಕು. ವಿಮಾನ ನಿಲ್ದಾಣವನ್ನು ಅದರಿಂದ ನಡೆಸಲಾಗದು. ಹಳ್ಳಿಯ ಪಂಪ್‌ಸೆಟ್ಟನ್ನು ನಡೆಸಬಹುದು.

ಕರ್ನಾಟಕದ ಗಟ್ಟಿ ಬಂಡೆಗೂ ತೈಲದ ಚರಿತ್ರೆಯಲ್ಲಿ ಒಂದು ಜಾಗ ಸಿಕ್ಕಿದೆ, ಬೇರೆಯೇ ರೀತಿಯಲ್ಲಿ. ತುರ್ತು ಸಂಗ್ರಹಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ಅವಕ್ಕೆ ಉಕ್ಕಿನ ಒಳಹೊದಿಕೆ ಇಲ್ಲ. ಗುಹೆಯ ಮೇಲ್ಗಡೆ ಸಾಲಾಗಿ ತೂತು ಕೊರೆದು ನೀರು ತುಂಬಿಸಿಡುತ್ತಾರೆ. ಬಂಡೆಯ ಬಿರುಕುಗಳಲ್ಲಿ ಆ ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗುವುದಿಲ್ಲ. ಜಿನುಗಿದ ನೀರು ಎಣ್ಣೆಯ ಕೆಳಗೆ ತಳದಲ್ಲಿ ನಿಲ್ಲುತ್ತದೆ, ಅದನ್ನು ಪಂಪಿನಿಂದ ಆಗಾಗ ಮೇಲೆತ್ತುತ್ತಾರೆ.